ಐದರಲ್ಲಿ ಎಷ್ಟು

ವಿಮೆಯವರ ಫಾರಂ ಬಂದಿದೆ ಮುಂಬೈಯಿಂದ.
ಬೀಜ ಬರುವ ದೇಶ, ಬಂದರು, ತೇವಾಂಶ, ತೂಕ,
ಕೊನೆಯಲ್ಲೊಂದು ಹೊಸ ಕಾಲಂ: ಉಗ್ರರ ಅಪಾಯ.
ಒಂದರಿಂದ ಐದರೊಳಗೆ ಅಂಕಿ ಬರೆಯಿರಿ.

ಕಾವೂರಿನ ಗೇರು ಕಾರ್ಖಾನೆಯ ಮೇಜಿನ ಹಿಂದೆ ಕೂತು
ನಾನು, ವಿಠೋಬ ಶೆಣೈ, ಬಿ.ಕಾಂ. ಎರಡನೇ ದರ್ಜೆ,
ಲೋಕದ ಅಪಾಯ ಅಳೆಯಬೇಕು.
ಗೊತ್ತಿರುವುದು ನನಗೆ ಒಂದೇ ಅಳತೆ:
ಪಣಂಬೂರಿನಲ್ಲಿ ಹಡಗು ನಿಂತರೆ
ಅಲ್ಲೊಂದು ಇಲ್ಲೊಂದು ಗೋಣಿಗೆ ತೂತು ಹೊಡೆದು
ಒಂದು ಕಿಲೋ ಬೀಜ ತೆಗೆದು, ಸೀಳಿ,
ಬಿಳಿ ಎಷ್ಟು, ಚುಕ್ಕೆ ಎಷ್ಟು, ಹುಳ ಎಷ್ಟು ಎಣಿಸಿ
ಇಡೀ ಹಡಗಿಗೆ ತೀರ್ಪು ಕೊಡುವುದು.
ಇಪ್ಪತ್ತಾರು ವರ್ಷ. ಹೆಚ್ಚು ತಪ್ಪಿಲ್ಲ.
ಆದರೂ ಸಿಪ್ಪೆ ನೋಡಿ ಹೇಳಲು ಇವತ್ತಿಗೂ ಬರುವುದಿಲ್ಲ.

ಬಾವುಂಞಿ ಬಂದು ಕೂತಿದ್ದಾರೆ ಎದುರು.
ಅಡ್ಡೂರಿನವರು. ಮೊಜಾಂಬಿಕ್‌ನ ಉತ್ತರದಲ್ಲಿ
ನಮಗಾಗಿ ಹನ್ನೆರಡು ವರ್ಷ ಬೀಜ ಕೊಂಡವರು.
ಮಾಗಿದ ಹಣ್ಣಿನ ವಾಸನೆಯಲ್ಲೇ ದರ ಹೇಳುವವರು.
ಈಗ ಚಹಾ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾರೆ.

"ಅಲ್ಲಿ ಅವರಿಗೆ ಹುಡುಗರು ಅಂತಲೇ ಹೇಳುವುದು ಶೆಣೈರೇ.
ಹುಡುಗರು ಬಂದರು, ಹುಡುಗರು ಸುಟ್ಟರು.
ಕೆಲವರು ನನಗೇ ಗೋಣಿ ಹೊತ್ತವರು,
ಕೂಲಿ ಸಾಲದೆಂದು ಜಗಳ ಆಡಿದವರು.
ಜಿಹಾದ್ ಬಾಯಲ್ಲಿ, ಕೈಯಲ್ಲಿ ನಮ್ಮದೇ ಗೋಣಿ ಸೀಳುವ ಕತ್ತಿ.
ಸುಬಹಿ ನಮಾಜಿನ ಹೊತ್ತು. ಮೊದಲು ಕಡಿದದ್ದು
ಮುದುಕ ಇಮಾಮರನ್ನು.
ನಿಮಗೆ ಓದು ಕಲಿಸಿದ್ದು ನಾನಲ್ಲವಾ ಅಂದರಂತೆ.
ಅಷ್ಟೇ."

ಆ ಅಷ್ಟೇ ಆದ ಮೇಲೆ
ಬಾಯ್ಲರ್ ಸದ್ದು ತುಂಬ ಹೊತ್ತು ಕೇಳಿಸಿತು.

ಕಾಡಿನಲ್ಲಿ ಮೂರು ರಾತ್ರಿ. ದೋಣಿ. ಒಂದು ಮೀನಿನ ಲಾರಿ.
ಬಜ್ಪೆಯಲ್ಲಿ ಇಳಿದಾಗ ಕೈಯಲ್ಲಿ ಉಳಿದದ್ದು
ಕಂಪೆನಿಯ ತೇವ ಅಳೆಯುವ ಯಂತ್ರ.
ಅದನ್ನೇ ಬಿಚ್ಚಿಸಿ ನಾಲ್ಕು ಗಂಟೆ ಕೂರಿಸಿದರು.
ಅಲ್ಲಿಗೆ ಯಾಕೆ ಹೋದದ್ದು?
ಗೇರುಬೀಜಕ್ಕೆ.
ಮತ್ತೆ?
ಗೇರುಬೀಜಕ್ಕೆ.
ಅದು ಸರಿ, ಮತ್ತೆ?

ಇದನ್ನು ಹೇಳಿ ಅವರು ನಕ್ಕರು. ನಾನೂ ನಕ್ಕೆ.
ನಗುವಾಗಲೇ ಗೊತ್ತಾಯಿತು,
ಅವರು ಬಂದು ಚೀಲವನ್ನು ಮೇಜಿನಡಿ ತಳ್ಳಿದಾಗ
ನನ್ನ ಕಾಲು ತಾನಾಗಿ
ಒಂದು ಗೇಣು ಹಿಂದೆ ಸರಿದಿತ್ತು.
ಹನ್ನೆರಡು ವರ್ಷದ ಲೆಕ್ಕ ಒಪ್ಪಿಸಿದ ಮನುಷ್ಯ.
ಅವರು ನೋಡಿದರೋ ಇಲ್ಲವೋ. ನೋಡಿದ್ದರೂ
ಹೇಳುವ ಜನ ಅಲ್ಲ.

ಹೊರಗೆ ರಸ್ತೆಯಲ್ಲಿ ಏಳೆಂಟು ಬೈಕು,
ಹಾರ್ನು, ಕೂಗು, ಯಾವುದೋ ಜಯಕಾರ.
"ಯಾರು?" ಅಂದರು ಬಾವುಂಞಿ, ಲೋಟ ಕೆಳಗಿಟ್ಟು.
"ಯಾರಿಲ್ಲ, ನಮ್ಮ ಹುಡುಗರು," ಅಂದೆ.
ಅಂದವನು ನಾಲಿಗೆ ಕಚ್ಚಿಕೊಂಡೆ.
ಎರಡೂ ಒಂದೇ ಅಲ್ಲ, ನನಗೆ ಗೊತ್ತುಂಟು.
ಅಲ್ಲಿ ಊರಿಗೆ ಊರೇ ಬೂದಿ; ಇಲ್ಲಿ ಸಂಜೆ ಬಸ್ಸು ಬರುತ್ತದೆ.
ಆದರೂ ಸದ್ದು ಸಂಕ ದಾಟುವವರೆಗೆ
ನಾವಿಬ್ಬರೂ ಚಹಾ ಮುಟ್ಟಲಿಲ್ಲ.

ಫಾರಂ ತಿರುಗಿಸಿ ಅವರ ಮುಂದಿಟ್ಟೆ.
"ನೀವೇ ಹೇಳಿ. ಐದರಲ್ಲಿ ಎಷ್ಟು?"
ಕನ್ನಡಕ ಹಾಕಿ ಓದಿದರು, ಬೆರಳು ಓಡಿಸಿ.
"ಎರಡು ಬರೆದರೆ ಇಮಾಮರಿಗೆ ಮೋಸ.
ಐದು ಬರೆದರೆ ಹಡಗು ಬರುವುದಿಲ್ಲ,
ಉಳಿದವರ ಬೀಜ ಮರದಡಿಯೇ ಕೊಳೆಯುತ್ತದೆ,
ಕೂಲಿ ಇಲ್ಲದ ಮಕ್ಕಳು ಮತ್ತೆ ಎಲ್ಲಿಗೆ ಹೋಗುತ್ತಾರೆ,
ನಿಮಗೇ ಗೊತ್ತು."
ಪೆನ್ನು ಮುಚ್ಚಿ ಹಿಂದೆ ಕೊಟ್ಟರು.

ಐದೂವರೆಯ ಸೈರನ್. ಕಲ್ಯಾಣಿ ಬಂದಳು
ಸುಲಿದ ತೂಕದ ಚೀಟಿ ಹಿಡಿದು.
ಸಿಪ್ಪೆಯೆಣ್ಣೆ ತಿಂದ ಬೆರಳು; ತುದಿಯಲ್ಲಿ ಗೆರೆಯಿಲ್ಲ,
ಆಧಾರ್ ಯಂತ್ರ ಅವಳನ್ನು ಅವಳೆಂದು ಒಪ್ಪುವುದಿಲ್ಲ.
ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿರಬೇಕು.
ಬಾವುಂಞಿಯವರನ್ನೇ ನೋಡುತ್ತ ಕೇಳಿದಳು:
"ಹಾಗಾದರೆ ಬ್ಯಾರಿಗಳೇ, ಅಲ್ಲಿ ಈಗ
ಬೀಜ ಹೆಕ್ಕುವುದು ಯಾರು?"